ಹೀಟ್ಸ್ ಓಡಿದವಳು

ಆಮಂತ್ರಣ ಪತ್ರಿಕೆಯಲ್ಲಿ ಯಾರನ್ನೂ ಅವರಿರುವಷ್ಟೇ ಎತ್ತರಕ್ಕೆ ಬರೆಯುವ ಅಭ್ಯಾಸ ನಮ್ಮವರಿಗಿಲ್ಲ. ಊರಲ್ಲಿ ಒಂದೆರಡು ಸಲ ಭಾಗವತಿಕೆ ಮಾಡಿದವನು ಮಸ್ಕತ್ತಿನಲ್ಲಿ ವಿಮಾನದಿಂದ ಇಳಿಯುವಷ್ಟರಲ್ಲಿ ‘ಯಕ್ಷರಂಗದ ಧ್ರುವತಾರೆ’ ಆಗಿರುತ್ತಾನೆ. ಹೋಟೆಲಿಟ್ಟವನು ‘ಖ್ಯಾತ ಉದ್ಯಮಿ’, ಅವನ ತಮ್ಮ ‘ಯುವ ಉದ್ಯಮಿ’, ಕೆಲಸವಿಲ್ಲದ ಭಾವ ‘ಸಮಾಜ ಸೇವಕ’. ಬರೆಯುವವರಿಗೂ ಗೊತ್ತು, ಓದುವವರಿಗೂ ಗೊತ್ತು, ಹಾಗಾಗಿ ಯಾರಿಗೂ ನಷ್ಟವಿಲ್ಲ. ನಷ್ಟವಾದದ್ದು ಒಬ್ಬಳಿಗೆ ಮಾತ್ರ. ಅವಳಿಗೆ ಕನ್ನಡ ಓದಲಿಕ್ಕೆ ಬರುತ್ತಿರಲಿಲ್ಲ.

ಅವಳ ಹೆಸರು ಮಾರ್ವಾ ಪಿನ್ನಕ್. ಜಮೈಕಾದವಳು. ಮಸ್ಕತ್ತಿನ ಬೌಷರ್ ಬಡಾವಣೆಯ ಒಂದು ಖಾಸಗಿ ಶಾಲೆಯಲ್ಲಿ ಆಟದ ಟೀಚರಾಗಿದ್ದಳು. ಭೋಜರಾಜನ ಫ್ಲ್ಯಾಟಿನ ಎದುರು ಬಾಗಿಲು ಅವಳದು. ಈ ಭೋಜರಾಜ ಕಾರ್ಕಳದ ಕಡೆಯವನು. ಖುರುಮ್‌ನಲ್ಲಿ ಏಸಿ ಕಂಪೆನಿಯೊಂದರಲ್ಲಿ ಪರ್ಚೇಸ್ ನೋಡಿಕೊಳ್ಳುತ್ತಿದ್ದ. ಆಫೀಸಿನಲ್ಲಿ ಅವನ ದನಿ ಏಳುತ್ತಿದ್ದುದು ಅಪರೂಪ, ಆದರೆ ಮೈಕ್ ಸಿಕ್ಕಿದರೆ ಬೇರೆಯೇ ಮನುಷ್ಯ. ಹಾಗಾಗಿಯೇ ಕರಾವಳಿಯವರ ಸಂಘದಲ್ಲಿ ಅವನು ಕ್ರೀಡಾ ಕಾರ್ಯದರ್ಶಿ. ಒಮ್ಮೆಯೂ ಓಡಿದವನಲ್ಲ, ಓಡುವವರ ಹೆಸರು ಕೂಗಿದವನು.

ಮಾರ್ವಾ ಬಂದ ಹೊಸದರಲ್ಲಿ ಅವನ ಹೆಂಡತಿ ವಸಂತಿ ಲಿಫ್ಟಿನಲ್ಲಿ ನಕ್ಕಳು, ಅವಳೂ ನಕ್ಕಳು. ಆಮೇಲೆ ಡಬ್ಬಿಗಳ ಓಡಾಟ ಶುರುವಾಯಿತು. ವಸಂತಿಯ ಬಂಗುಡೆ ಗಸಿ ಉಂಡ ಮಾರ್ವಾ, ರುಚಿ ಬಹಳ ಚೆನ್ನಾಗಿದೆ, ಖಾರ ಮಾತ್ರ ನಮ್ಮೂರಿನಷ್ಟಿಲ್ಲ ಎಂದಾಗ ವಸಂತಿಗೆ ಸ್ವಲ್ಪ ಬೇಜಾರಾಯಿತು. ತನ್ನ ಗಸಿಗೆ ಅಂಥ ಮಾತು ಅವಳು ಅದುವರೆಗೆ ಕೇಳಿರಲಿಲ್ಲ. ಮರುದಿನ ಇನ್ನೊಂದು ಹಿಡಿ ಮೆಣಸು ಸೇರಿಸಿ ಅರೆದಳು. ಭೋಜರಾಜ ಕಣ್ಣೊರೆಸಿಕೊಂಡು ಉಂಡ, ಮಾರ್ವಾ ನಗುತ್ತಾ ಉಂಡಳು. ಅಲ್ಲಿಂದ ಅವರಿಬ್ಬರೂ ಗೆಳತಿಯರು. ಒಬ್ಬಳಿಗೆ ಇಂಗ್ಲಿಷು ಅಷ್ಟಕ್ಕಷ್ಟೇ, ಇನ್ನೊಬ್ಬಳ ಇಂಗ್ಲಿಷು ಯಾರಿಗೂ ಸರಿಯಾಗಿ ಹಿಡಿತಕ್ಕೆ ಸಿಗುವಂಥದ್ದಲ್ಲ, ಆದರೂ ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು.

ಭೋಜರಾಜನ ಮಗಳು ತೃಷಾ ಮಾರ್ವಾಳ ಶಾಲೆಯಲ್ಲೇ ಓದುತ್ತಿದ್ದಳು. ಸಂಜೆ ಬಿಸಿಲಿನ ಜೋರು ಇಳಿದ ಮೇಲೆ ಕಟ್ಟಡದ ಪಕ್ಕದ ಖಾಲಿ ಜಾಗದಲ್ಲಿ ತೃಷಾಳನ್ನೂ ಅಕ್ಕಪಕ್ಕದ ಹುಡುಗಿಯರನ್ನೂ ಕಟ್ಟಿಕೊಂಡು ಮಾರ್ವಾ ರಿಲೇ ಕಲಿಸುತ್ತಿದ್ದಳು. ಪ್ಲಂಬರನ ಪೈಪಿನ ತುಂಡೇ ಬ್ಯಾಟನ್. ಓಡುವವಳು ಹಿಂದೆ ತಿರುಗಿ ನೋಡಬಾರದು, ಕೂಗು ಕೇಳಿದ ಕೂಡಲೇ ಕೈ ಹಿಂದಕ್ಕೆ ಚಾಚಬೇಕು. ಬರುವವಳು ಸರಿಯಾಗಿ ಕೊಡುತ್ತಾಳೆ ಎಂದು ನಂಬಬೇಕು. ನಂಬಲಿಕ್ಕೆ ಆಗದ ಹುಡುಗಿಯರನ್ನು ಅವಳು ಗದರುತ್ತಿದ್ದಳು. ಭೋಜರಾಜ ಬಾಲ್ಕನಿಯಲ್ಲಿ ಚಾ ಹಿಡಿದುಕೊಂಡು ನೋಡುತ್ತಿದ್ದ. ಇಂಥವಳು ನಮ್ಮ ಎದುರು ಮನೆಯಲ್ಲಿದ್ದಾಳಲ್ಲ ಎಂದು ಅವನಿಗೆ ನಿಜವಾಗಿಯೂ ಹೆಮ್ಮೆ. ಅದನ್ನು ಇಲ್ಲ ಎನ್ನುವಂತಿಲ್ಲ.

ತನ್ನ ಕಥೆಯನ್ನು ಮಾರ್ವಾ ಹೇಳಿದ್ದು ವಸಂತಿಯ ಅಡುಗೆಮನೆಯಲ್ಲಿ, ಸ್ಟೂಲಿನ ಮೇಲೆ ಕೂತು. ಭೋಜರಾಜನೂ ಬಾಗಿಲಿಗೆ ಒರಗಿ ನಿಂತು ಕೇಳಿದ. ಅವಳು ಹುಟ್ಟಿದ್ದು ಕಬ್ಬು ಬೆಳೆಯುವ ಸೀಮೆಯಲ್ಲಿ. ಜಮೈಕಾದಲ್ಲಿ ಹೈಸ್ಕೂಲು ಮಕ್ಕಳ ಓಟ ನೋಡಲಿಕ್ಕೆ ಇಡೀ ಸ್ಟೇಡಿಯಂ ತುಂಬುತ್ತದಂತೆ, ನಮ್ಮಲ್ಲಿ ಕ್ರಿಕೆಟ್ಟಿಗೆ ತುಂಬುವ ಹಾಗೆ. ಅಲ್ಲಿ ಗೆದ್ದವಳನ್ನು ಅಮೆರಿಕದ ಕಾಲೇಜೊಂದು ಕರೆದುಕೊಂಡು ಹೋಯಿತು, ಓದಿಸಿತು, ಓಡಿಸಿತು. ಬೇರೆ ಯಾವ ದೇಶದಲ್ಲಿ ಹುಟ್ಟಿದ್ದರೂ ಮಾರ್ವಾ ಆ ದೇಶದ ರಾಣಿಯಾಗಿರುತ್ತಿದ್ದಳು. ಜಮೈಕಾದಲ್ಲಿ ಅವಳಿಗಿಂತ ಒಂದು ಹೆಜ್ಜೆ ಮುಂದೆ ಯಾವಾಗಲೂ ನಾಲ್ಕೈದು ಜನ ಇರುತ್ತಿದ್ದರು. ಅಂಥವಳಿಗೆ ನೂರು ಮೀಟರಿನಲ್ಲಿ ಜಾಗವಿಲ್ಲ. ರಿಲೇಯಲ್ಲಿ ಉಂಟು, ಅದೂ ಹೀಟ್ಸಿನಲ್ಲಿ.

ಹೀಟ್ಸ್ ಎಂದರೆ ಫೈನಲಿಗೆ ಮೊದಲಿನ ಅರ್ಹತೆಯ ಓಟ. ದೊಡ್ಡ ಹೆಸರಿನವರು ಕಾಲು ಉಳಿಸಿಕೊಳ್ಳಲಿ ಎಂದು ಮಾರ್ವಾಳಂಥವರನ್ನು ಅದಕ್ಕೆ ಇಳಿಸುತ್ತಾರೆ. ಒಂದು ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಅವಳು ಹಾಗೆ ಓಡಿದಳು, ನಾಲ್ವರಲ್ಲಿ ಎರಡನೆಯ ಸರದಿ ಅವಳದು. ತಂಡ ಫೈನಲಿಗೆ ಹೋಯಿತು. ಮರುದಿನ ಅವಳ ಜಾಗಕ್ಕೆ ದೊಡ್ಡವಳೊಬ್ಬಳು ಬಂದಳು, ಮಾರ್ವಾ ಗ್ಯಾಲರಿಯಲ್ಲಿ ಕೂತು ಕಿರುಚಿದಳು. ಕಂಚು ಬಂತು. ಪದಕದ ಕಟ್ಟೆ ಹತ್ತಿದ್ದು ಫೈನಲ್ ಓಡಿದ ನಾಲ್ವರು. ಹೀಟ್ಸ್ ಓಡಿದವರಿಗೂ ಪದಕ ಕೊಡಬೇಕೆಂಬ ನಿಯಮ ಉಂಟು, ಕೊಟ್ಟರು. ಸ್ಟೇಡಿಯಂ ಕೆಳಗಿನ ಓಣಿಯಂಥ ಜಾಗದಲ್ಲಿ ಒಬ್ಬ ಅಧಿಕಾರಿ ಅವಳ ಪಾಸು ನೋಡಿ, ರಟ್ಟಿನ ಪೆಟ್ಟಿಗೆಯಿಂದ ಪದಕ ತೆಗೆದು ಕೈಗೆ ಹಾಕಿದ. ಹೋಟೆಲಿಗೆ ಹೋಗಿ ಬಚ್ಚಲುಮನೆಯ ಕನ್ನಡಿಯ ಮುಂದೆ ತಾನೇ ಕೊರಳಿಗೆ ಹಾಕಿಕೊಂಡೆ ಎಂದು ಹೇಳುವಾಗ ಮಾರ್ವಾ ನಕ್ಕಳು. ವಸಂತಿಗೆ ನಗು ಬರಲಿಲ್ಲ.

ಆಮೇಲೆ ತೊಡೆಯ ಹಿಂದಿನ ಸ್ನಾಯು ಹರಿಯಿತು. ವಾಸಿಯಾಗುವಷ್ಟರಲ್ಲಿ ಅವಳಿಗಿಂತ ಚಿಕ್ಕವರು ಮುಂದೆ ಹೋಗಿದ್ದರು, ಅವಳು ಟೀಚರಾದಳು. ವರ್ಷಗಳ ನಂತರ ಹಳೆಯ ಮೂತ್ರದ ಮಾದರಿಗಳನ್ನು ಮತ್ತೆ ಪರೀಕ್ಷೆ ಮಾಡಿದಾಗ ಫೈನಲ್ ಓಡಿದವಳೊಬ್ಬಳು ಉದ್ದೀಪನ ಮದ್ದು ತೆಗೆದುಕೊಂಡದ್ದು ಹೊರಬಿತ್ತು. ಮಾರ್ವಾಳನ್ನು ಎಬ್ಬಿಸಿ ಅವಳ ಜಾಗದಲ್ಲಿ ಓಡಿದ್ದಳಲ್ಲ, ಅವಳೇ. ರಿಲೇಯಲ್ಲಿ ಒಬ್ಬಳು ತಪ್ಪಿದರೆ ಎಲ್ಲರದೂ ಹೋಯಿತು. ಪದಕ ವಾಪಸು ಕಳಿಸಿ ಎಂದು ಇಮೇಲ್ ಬಂತು. ಮಾರ್ವಾ ಅದನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಕೊರಿಯರಿಗೆ ಕೊಟ್ಟು ಬಂದಳು. ದೇಶದ ಪರವಾಗಿ ಓಡಿ ಒಂದೇ ಒಂದು ಪದಕ ಬಂದದ್ದು, ಅದೂ ಬರುವಾಗ ಓಣಿಯಿಂದ ಬಂತು, ಹೋಗುವಾಗ ಕೊರಿಯರಿನಲ್ಲಿ ಹೋಯಿತು. ಆ ಪದಕಕ್ಕಾಗಿ ತನ್ನನ್ನು ಯಾರೂ ಒಂದು ವೇದಿಕೆಯ ಮೇಲೆ ನಿಲ್ಲಿಸಿ ಹೆಸರು ಕರೆಯಲೇ ಇಲ್ಲ ಎಂದು ಹೇಳಿ ಅವಳು ಸ್ಟೂಲಿನಿಂದ ಎದ್ದಳು.

ಆ ಮಾತು ಭೋಜರಾಜನ ಎದೆಗೆ ತಾಗಿತು. ಸಂಘದ ವಾರ್ಷಿಕ ಕ್ರೀಡಾಕೂಟ ಹತ್ತಿರ ಬರುತ್ತಿತ್ತು. ನಾವು ನಿಮಗೆ ಸನ್ಮಾನ ಮಾಡುತ್ತೇವೆ ಎಂದ. ಅವಳು ಬೇಡವೆಂದಳು, ಹೋದ ಪದಕಕ್ಕೆ ಎಂಥ ಸನ್ಮಾನ ಎಂದಳು. ಅವನು ಬಿಡಲಿಲ್ಲ. ಕೊನೆಗೆ ಒಪ್ಪಿದಳು, ಒಂದು ಮಾತು ಹೇಳಿ: ಇದ್ದದ್ದು ಇದ್ದ ಹಾಗೆ ಹೇಳಿ, ಹೀಟ್ಸ್ ಓಡಿದವಳು ಎಂದು ಹೇಳಿ, ಅದು ನಾನು ನಿಜವಾಗಿ ಓಡಿದ ಓಟ.

ಸಂಘದ ಅಧ್ಯಕ್ಷ ಲತೇಶ್ ಅದೇ ಏಸಿ ಕಂಪೆನಿಯ ಮ್ಯಾನೇಜರು. ಭೋಜರಾಜನಿಗೆ ಈ ಕೆಲಸ ಕೊಡಿಸಿದವನೂ ಅವನೇ. ಆಮಂತ್ರಣದ ಕರಡು ನೋಡಿ ಅವನು ಮೂಗು ಮುರಿದ. “ಹೀಟ್ಸ್ ಗೀಟ್ಸ್ ಅಂತ ಬರೆದ್ರೆ ಯಾರಿಗೆ ಎಂತ ಅರ್ಥ ಆಗ್ತದೆ ಮಾರಾಯ? ದೊಡ್ಡದು ಎಂತಾದ್ರೂ ಹಾಕು,” ಎಂದ. ಏನು ದೊಡ್ಡದು ಎಂದು ಅವನು ಹೇಳಲಿಲ್ಲ. ಅದನ್ನು ಹುಡುಕಿದವನು ಭೋಜರಾಜ. ಕಂಚು ಎಂದರೆ ಹೋದ ಪದಕ, ಬರೆಯುವಂತಿಲ್ಲ. ವಿಶ್ವ ಚಾಂಪಿಯನ್‌ಷಿಪ್ಪು ಎಂದರೆ ಅರ್ಧ ಜನರಿಗೆ ತಲೆಗೆ ಹೋಗುವುದಿಲ್ಲ. ಹಮ್ರಿಯಾ ಪೇಟೆಯಲ್ಲಿ ಬ್ಯಾನರ್ ಮಾಡುವ ಅಂಗಡಿಯ ಕಂಪ್ಯೂಟರಿನ ಮುಂದೆ ನಿಂತು, ಅಕ್ಷರ ಎಷ್ಟು ದೊಡ್ಡದಿರಲಿ ಎಂದು ಅಂಗಡಿಯವನು ಕೇಳುತ್ತಿದ್ದಾಗ, ಭೋಜರಾಜ ಹೇಳಿ ಬರೆಸಿದ: ‘ಒಲಿಂಪಿಕ್ ಚಿನ್ನದ ಪದಕ ವಿಜೇತೆ, ಜಮೈಕಾದ ಮಿಂಚಿನ ಓಟಗಾರ್ತಿ’. ಬರೆಸಿದ ಮೇಲೆ ಅವನಿಗೆ ತುಂಬ ಸಮಾಧಾನವಾಯಿತು. ಅವಳಿಗೊಂದು ಉಪಕಾರ ಮಾಡಿದ ಹಾಗೆಯೇ ಅನಿಸಿತು.

ಕ್ರೀಡಾಕೂಟದ ಶುಕ್ರವಾರ ವಸಂತಿ ಮಾರ್ವಾಳಿಗೆ ತನ್ನ ಹಸಿರು ರೇಷ್ಮೆ ಸೀರೆ ಉಡಿಸಿದಳು. ಬಾಡಿಗೆಯ ಮೈದಾನದಲ್ಲಿ ಹಗ್ಗಜಗ್ಗಾಟವಾಯಿತು, ಲಿಂಬೆ ಚಮಚ ಓಟವಾಯಿತು, ಮಾರ್ವಾ ಕಲಿಸಿದ ಹುಡುಗಿಯರು ರಿಲೇ ಗೆದ್ದರು. ಆಮೇಲೆ ವೇದಿಕೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ, ಸ್ಮರಣಿಕೆ, ಯಾವುದಕ್ಕೂ ಕೊರತೆಯಿಲ್ಲ. ಭೋಜರಾಜ ಮೈಕಿನಲ್ಲಿ ಅವಳ ಹೆಸರನ್ನು ಎಳೆದು ಎಳೆದು ಕೂಗಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಾರ್ವಾ ಥ್ಯಾಂಕ್ಯೂ ಎಂದಷ್ಟೇ ಹೇಳಿ ಕೂತಳು. ಅವಳ ತಲೆಯ ಮೇಲೆ ಆ ಕನ್ನಡದ ಸುಳ್ಳು ಕೆಂಪು ಅಕ್ಷರಗಳಲ್ಲಿ ತೂಗುತ್ತಿತ್ತು. ಅದರ ಕೆಳಗೆ ನಿಂತು ಪೇಟ ಸರಿಮಾಡಿಕೊಂಡು ಫೋಟೊ ತೆಗೆಸಿಕೊಂಡಳು. ನನ್ನ ಬದುಕಿನ ಅತ್ಯಂತ ಹೆಮ್ಮೆಯ ದಿನ ಎಂದು ಬರೆದು ತಾನೇ ಅದನ್ನು ಫೇಸ್‌ಬುಕ್ಕಿಗೆ ಹಾಕಿದಳು.

ಅವಳ ಶಾಲೆಯ, ಕನ್ನಡ ಬರುವ ಪೋಷಕರೊಬ್ಬರು ಆ ಫೋಟೊದಲ್ಲಿದ್ದ ಬ್ಯಾನರನ್ನು ಓದಿದರು. ಒಲಿಂಪಿಕ್ ಚಿನ್ನ ಎಂದರೆ ನೋಡೋಣ ಎಂದು ಗೂಗಲ್ ಮಾಡಿದರು. ಚಿನ್ನ ಸಿಗಲಿಲ್ಲ, ಸಿಕ್ಕಿದ್ದು ಉದ್ದೀಪನ ಮದ್ದಿನ ಪ್ರಕರಣ, ಪದಕ ಕಳೆದುಕೊಂಡವರ ನಡುವೆ ಮಾರ್ವಾ ಪಿನ್ನಕ್ ಎಂಬ ಹೆಸರು. ಯಾರು ತೆಗೆದುಕೊಂಡದ್ದು, ಯಾರು ತೆಗೆದುಕೊಳ್ಳಲಿಲ್ಲ ಎಂದು ಓದುವಷ್ಟು ಪುರುಸೊತ್ತು ಯಾರಿಗಿತ್ತು? ಪೋಷಕರ ವಾಟ್ಸಾಪಿನಲ್ಲಿ ಮಾತು ಹಬ್ಬಿತು. ಮದ್ದು ತಿಂದು ಸಿಕ್ಕಿಬಿದ್ದವಳು, ಈಗ ಚಿನ್ನ ಗೆದ್ದೆನೆಂದು ಊರೆಲ್ಲ ಹೇಳಿಕೊಂಡು ತಿರುಗುತ್ತಾಳೆ, ಇಂಥವಳ ಕೈಯಲ್ಲಿ ನಮ್ಮ ಮಕ್ಕಳೇ ಎಂದು ಶಾಲೆಗೆ ದೂರು ಹೋಯಿತು.

ಮಾರ್ವಾ ಫೋನು ಹಿಡಿದು ಎದುರು ಮನೆಗೆ ಬಂದಳು. ಫೋಟೊ ತೋರಿಸಿ, ಇಲ್ಲಿ ಏನು ಬರೆದಿದೆ ಎಂದು ಭೋಜರಾಜನನ್ನೇ ಕೇಳಿದಳು. ಅವನು ತಡವರಿಸಿಕೊಂಡು ಹೇಳಿದ. ನಮ್ಮಲ್ಲಿ ಸ್ವಲ್ಪ ಹೆಚ್ಚಾಗಿಯೇ ಬರೆಯುವುದು ಅಭ್ಯಾಸ, ಗೌರವಕ್ಕೆ ಎಂದು ಬರೆಯುವುದು ಎಂದ. ಅವಳು ಮೊದಲು ನಕ್ಕೇ ಬಿಟ್ಟಳು. ಆಮೇಲೆ ಕೂತಳು. ಕೂಗಾಡಲಿಲ್ಲ, ಬಯ್ಯಲಿಲ್ಲ. ಪ್ರಿನ್ಸಿಪಾಲರು ಕರೆದಿದ್ದಾರೆ, ಶಾಲೆಗೆ ಕೊಟ್ಟ ಅರ್ಜಿಯಲ್ಲಿ ನಾನು ಎಲ್ಲವನ್ನೂ ನಿಜವೇ ಬರೆದಿದ್ದೇನೆ, ಆದರೆ ಬ್ಯಾನರಿನ ಮಾತು ನನ್ನದಲ್ಲ ಎಂದು ನಾನು ಹೇಳಿದರೆ ಅವರು ನಂಬಬೇಕಲ್ಲ ಎಂದಳು. “ನೀವು ನನ್ನ ಜೊತೆ ಬಂದು, ಬರೆದದ್ದು ನಾನು ಎಂದು ಒಂದೇ ಮಾತು ಹೇಳಿ ಬ್ರದರ್. ಅಷ್ಟು ಸಾಕು.” ಭೋಜರಾಜ ಖಂಡಿತ ಬರುತ್ತೇನೆ ಎಂದ. ಆಗ ಅವನ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ.

ವಿಷಯ ಲತೇಶನ ಕಿವಿಗೆ ಬಿತ್ತು. ಆಫೀಸಿನಲ್ಲಿ ಭೋಜರಾಜನನ್ನು ಕ್ಯಾಬಿನ್ನಿಗೆ ಕರೆದು ಬಾಗಿಲು ಹಾಕಿಸಿದ. “ನಾವು ಸುಳ್ಳು ಬರೆದದ್ದು ಅಂತ ನೀನೇ ಹೋಗಿ ಹೇಳಿದ್ರೆ ಸಂಘದ ಮರ್ಯಾದೆ ಎಲ್ಲಿ ಉಂಟು? ಆ ಟೀಚರೇ ಹೇಳಿದ್ದು ಅಂತ ಹೇಳಿ ಖಲಾಸ್ ಮಾಡು. ಅವರಿಗೆ ಬೇರೆ ಕೆಲಸ ಸಿಗ್ತದೆ, ನಮ್ಗೆ ಇಲ್ಲಿ ನಾಲ್ಕು ಜನರ ಎದುರು ತಲೆ ಎತ್ತಿ ನಡೀಲಿಕ್ಕೆ ಉಂಟು.” ಕೆಲಸದ ಹೆದರಿಕೆ ಭೋಜರಾಜನಿಗಿತ್ತು, ಸುಳ್ಳಲ್ಲ. ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಮೈಕ್ ಹಿಡಿದ ಭೋಜರಾಜ ಎಂದರೆ ಮಸ್ಕತ್ತಿನ ಕರಾವಳಿಯವರಿಗೆಲ್ಲ ಗೊತ್ತು. ಮುಂದಿನ ವರ್ಷ ಅವನು ಮೈಕ್ ಹಿಡಿದಾಗ, ಇವನು ಹೇಳಿದ್ದರಲ್ಲಿ ಅರ್ಧ ಬಿಟ್ಟು ಕೇಳಿ ಎಂದು ಯಾರಾದರೂ ನಕ್ಕರೆ? ಆ ನಗು ಅವನ ಕಿವಿಯಲ್ಲಿ ಆಗಲೇ ಶುರುವಾಗಿತ್ತು. ಅಷ್ಟು ಸಣ್ಣದಕ್ಕೆ ಮನುಷ್ಯರು ಎಷ್ಟು ದೊಡ್ಡ ಪಾಪ ಮಾಡುತ್ತಾರೆಂದರೆ, ಹೇಳಿದರೆ ನಂಬಲಿಕ್ಕಿಲ್ಲ.

ಪ್ರಿನ್ಸಿಪಾಲ್ ಶ್ರೀನಿವಾಸಮೂರ್ತಿ ಮೈಸೂರು ಕಡೆಯವರು. ಮೊದಲು ಇಂಗ್ಲಿಷಿನಲ್ಲಿ ಗಂಭೀರವಾಗಿ ಶುರು ಮಾಡಿದರು. ಬಂದಿರುವವನು ಕನ್ನಡದವನು ಎಂದು ತಿಳಿದದ್ದೇ ಅವರ ಮುಖ ಅರಳಿತು. ಯಾವೂರು, ಎಷ್ಟು ವರ್ಷವಾಯಿತು ಬಂದು, ಮಗಳು ಯಾವ ಕ್ಲಾಸು ಎಂದೆಲ್ಲ ವಿಚಾರಿಸಿ ಚಾ ತರಿಸಿದರು. ಕನ್ನಡದಲ್ಲೇ ಮಾತಾಡೋಣ ಬಿಡಿ ಎಂದರು. ಪಕ್ಕದ ಕುರ್ಚಿಯಲ್ಲಿ ಮಾರ್ವಾ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಇಬ್ಬರು ಕನ್ನಡಿಗರು ಸಿಕ್ಕಿದರೆ ಪಕ್ಕದಲ್ಲಿರುವ ಮೂರನೆಯವರು ಗೋಡೆಯಾಗಿಬಿಡುತ್ತಾರೆ. ಅವಳ ಕೆಲಸದ ವಿಚಾರಣೆ ಅವಳಿಗೆ ತಿಳಿಯದ ಭಾಷೆಯಲ್ಲಿ ನಡೆಯಿತು.

“ನೋಡಿ ಸಾರ್, ಆಯಮ್ಮ ಒಳ್ಳೆ ಟೀಚರೇ, ನಂಗೇನೂ ಅನುಮಾನ ಇಲ್ಲ,” ಎಂದರು ಶ್ರೀನಿವಾಸಮೂರ್ತಿ. “ಒಂದೇ ಪ್ರಶ್ನೆ. ಈ ಚಿನ್ನದ ಪದಕ ಅನ್ನೋದು ನೀವಾಗೇ ಬರ್ಕೊಂಡಿದ್ದೋ, ಅವರು ಹೇಳಿದ್ದೋ? ನೀವೇ ಬರ್ಕೊಂಡಿದ್ದು ಅಂದ್ರೆ ಈ ಗಲಾಟೇನ ಇಲ್ಲಿಗೇ ಮುಗಿಸ್ತೀನಿ.”

ಭೋಜರಾಜ ಮಾರ್ವಾಳ ಕಡೆ ನೋಡಿದ. ಅವಳು ಧೈರ್ಯ ಕೊಡುವವಳಂತೆ ತಲೆಯಾಡಿಸಿದಳು.

“ಅವರು ಹೇಳಿದ ಹಾಗೆ ನಾವು ಬರೆದದ್ದು ಸರ್,” ಎಂದ ಭೋಜರಾಜ.

ಹೇಳಿದ ಕೂಡಲೇ, ಅದನ್ನು ಸರಿಮಾಡಲೆಂದೋ ಏನೋ, ಇವರು ತುಂಬ ಒಳ್ಳೆಯವರು, ಮಕ್ಕಳ ಮೇಲೆ ಪ್ರಾಣ ಎಂದು ಇಂಗ್ಲಿಷಿನಲ್ಲಿ ಜೋರಾಗಿ ಹೇಳಿದ. ಮಾರ್ವಾಳಿಗೆ ಅರ್ಥವಾದದ್ದು ಆ ಮಾತು ಮಾತ್ರ. ಶ್ರೀನಿವಾಸಮೂರ್ತಿ ಕೆಟ್ಟದ್ದನ್ನು ಮುಖಕ್ಕೆ ಹೇಳುವವರಲ್ಲ. ಆಯಿತು, ತಿಳಿಸುತ್ತೇವೆ ಎಂದು ಎದ್ದು ನಿಂತು ಇಬ್ಬರ ಕೈಯನ್ನೂ ಕುಲುಕಿದರು.

ಹೊರಗೆ ಬಂದ ಮೇಲೆ ಮಾರ್ವಾ ಅವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಇಷ್ಟು ವರ್ಷಗಳಲ್ಲಿ ನನ್ನ ಪರವಾಗಿ ಒಬ್ಬರಾದರೂ ಎದ್ದು ಬಂದು ಮಾತಾಡಿದ್ದು ಇದೇ ಮೊದಲು ಎಂದಳು. ಅವಳ ಕಣ್ಣು ತುಂಬಿತ್ತು. ಆಗ ಅವನು ಕೈ ಕಿತ್ತುಕೊಂಡು ಒಳಗೆ ಓಡಿ ಹೋಗಿ ನಿಜ ಹೇಳಬಹುದಿತ್ತು. ಬಾಗಿಲು ಅಲ್ಲೇ ಇತ್ತು, ಚಾ ಕಪ್ಪುಗಳನ್ನು ಇನ್ನೂ ಎತ್ತಿರಲಿಲ್ಲ. ಅವನು ಪರವಾಗಿಲ್ಲ, ಪರವಾಗಿಲ್ಲ ಎಂದ. ಮನೆಯಲ್ಲಿ ವಸಂತಿ ಕೇಳಿದಾಗ, ಎಲ್ಲ ಹೇಳಿ ಬಂದೆ ಎಂದ.

ಶಾಲೆಯ ವರ್ಷ ಮುಗಿಯುವಾಗ ಅವಳ ಕಾಂಟ್ರಾಕ್ಟು ಮುಂದುವರಿಯಲಿಲ್ಲ. ಕಾರಣ ಬರೆಯುವ ಕ್ರಮವಿಲ್ಲ. ಪೋಷಕರ ಬಾಯಿಗೆ ಹೆದರಿ ತೆಗೆದಿರಬೇಕು, ಪ್ರಿನ್ಸಿಪಾಲರೂ ಪಾಪ ಏನು ಮಾಡುತ್ತಾರೆ ಎಂದು ಮಾರ್ವಾ ಸಮಾಧಾನ ಮಾಡಿಕೊಂಡಳು. ಊರಿಗೆ ಹೋಗಿ ಅಲ್ಲಿಂದಲೇ ಬೇರೆ ಕೆಲಸ ಹುಡುಕುತ್ತೇನೆ ಎಂದಳು. ಏರ್‌ಪೋರ್ಟಿಗೆ ಟ್ಯಾಕ್ಸಿ ಬೇಡ, ಭೋಜರಾಜನೇ ಬಿಡಬೇಕು ಎಂದು ಹಟ ಮಾಡಿದಳು. ವಸಂತಿ ಅವಳನ್ನು ತಬ್ಬಿಕೊಂಡು ಅತ್ತಳು, ಹಸಿರು ಸೀರೆಯನ್ನು ಅವಳಿಗೇ ಕೊಟ್ಟಳು. ತೃಷಾ ಕೋಣೆಯಿಂದ ಹೊರಗೆ ಬರಲೇ ಇಲ್ಲ. ದಾರಿಯುದ್ದಕ್ಕೂ ಮಾರ್ವಾ ತೃಷಾಳ ಓಟದ ಬಗ್ಗೆಯೇ ಮಾತಾಡಿದಳು, ಬಿಡಬೇಡಿ, ಓಡಿಸಿ ಎಂದಳು. ಭೋಜರಾಜ ಕಣ್ಣನ್ನು ರಸ್ತೆಯಿಂದ ತೆಗೆಯಲಿಲ್ಲ.

ಕೆಲವು ತಿಂಗಳ ನಂತರ ಒಂದು ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಭೋಜರಾಜನಿಗೆ ಫೋನು ಬಂತು. ಕೈ ಎಂಜಲಾಗಿತ್ತು, ಸ್ಪೀಕರಿಗೆ ಹಾಕಿದ. ಬಹರೈನಿನ ಒಂದು ಶಾಲೆಯ ಹೆಂಗಸು. ಮಾರ್ವಾ ಪಿನ್ನಕ್ ಅಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ, ವಿಚಾರಿಸಲು ನಿಮ್ಮ ಹೆಸರು ಕೊಟ್ಟಿದ್ದಾಳೆ ಎಂದಳು. ಭೋಜರಾಜ ಉತ್ಸಾಹದಿಂದ ಹೊಗಳಿದ. ಶಿಸ್ತು, ಪ್ರಾಮಾಣಿಕತೆ, ಮಕ್ಕಳ ಪ್ರೀತಿ, ಮೈಕ್ ಹಿಡಿದವನ ಹಾಗೆ ಒಂದೊಂದನ್ನೇ ಹೇಳಿದ. ಆ ಹೆಂಗಸು ಎಲ್ಲವನ್ನೂ ಕೇಳಿಸಿಕೊಂಡು, ಇದು ಬಹಳ ಸಂತೋಷ, ಆದರೆ ಮಸ್ಕತ್ತಿನ ಶಾಲೆಯವರು ಈಕೆ ಗೆಲ್ಲದ ಪದಕವನ್ನು ಗೆದ್ದೆನೆಂದು ಹೇಳಿಕೊಂಡಳು ಎಂದು ಬರೆದಿದ್ದಾರೆ ಎಂದಳು. ಅದು ತಪ್ಪು ತಿಳುವಳಿಕೆ, ನಿಜ ಏನೆಂದು ಭೋಜರಾಜರಿಗೆ ಗೊತ್ತು, ಅವರನ್ನೇ ಕೇಳಿ ಎಂದು ಆಕೆ ಹೇಳಿದ್ದಾಳೆ. ನಿಮಗೆ ಗೊತ್ತೇ?

ಅಲ್ಲಿ ಲತೇಶನಿರಲಿಲ್ಲ. ಸಂಘವಿರಲಿಲ್ಲ. ಕನ್ನಡ ತಿಳಿಯದ, ಮುಖ ಕಾಣದ ಒಬ್ಬಳು ಹೆಂಗಸು, ಸಮುದ್ರದ ಆಚೆ. ನಿಜ ಹೇಳಿದ್ದರೆ ಅವನ ಒಂದು ಕೂದಲೂ ಕೊಂಕುತ್ತಿರಲಿಲ್ಲ. ಸಾರು ಬಡಿಸುತ್ತಿದ್ದ ವಸಂತಿ ಕೈ ನಿಲ್ಲಿಸಿ ಗಂಡನ ಮುಖ ನೋಡಿದಳು. ಅವಳ ಇಂಗ್ಲಿಷು ಅಷ್ಟಕ್ಕಷ್ಟೇ ಆದರೂ ಈ ಪ್ರಶ್ನೆ ಅರ್ಥವಾಗಿತ್ತು. ಎಲ್ಲ ಹೇಳಿ ಬಂದೆ ಎಂದಿದ್ದ ಗಂಡ ಅವಳವನು. ಈಗ ನಿಜ ಹೇಳಿದರೆ ಆ ಮಾತೂ ಸುಳ್ಳೆಂದು ಅವಳ ಮುಂದೆಯೇ ಬಯಲಾಗುತ್ತಿತ್ತು.

ಭೋಜರಾಜ ಗಂಟಲು ಸರಿಮಾಡಿಕೊಂಡ. ಆ ವಿಷಯ ನನಗೆ ಅಷ್ಟಾಗಿ ಗೊತ್ತಿಲ್ಲ ಮೇಡಂ, ಶಾಲೆಯವರು ಏನು ಬರೆದಿದ್ದಾರೋ ಅದನ್ನೇ ನೋಡಿಕೊಂಡರೆ ಒಳ್ಳೆಯದು ಎಂದ.

ಫೋನು ಕಟ್ಟಾಯಿತು. ವಸಂತಿ ಸಾರಿನ ಪಾತ್ರೆಯನ್ನು ಮೇಜಿನ ಮೇಲಿಟ್ಟಳು. “ಆವತ್ತು ಆ ಪ್ರಿನ್ಸಿಪಾಲರ ಹತ್ರ ಎಂತ ಹೇಳಿದ್ದು ನೀವು?” ಎಂದು ಕೇಳಿದಳು. ಅವನು ಅನ್ನ ಕಲಸುತ್ತಾ ಕೂತ. ಅವಳು ಎರಡನೆಯ ಸಲ ಕೇಳಲಿಲ್ಲ. ಅಂದಿನಿಂದ ಅವನ ಬಟ್ಟಲಿಗೆ ಅನ್ನ ಬೀಳುತ್ತಿತ್ತು, ಮಾತು ಬೀಳುತ್ತಿರಲಿಲ್ಲ.

ಮುಂದಿನ ವಾರ ಆಫೀಸಿನಲ್ಲಿದ್ದಾಗ ಮಾರ್ವಾಳ ಮೆಸೇಜು ಬಂತು. ಬಹರೈನಿನ ಕೆಲಸ ಆಗಲಿಲ್ಲ, ಇನ್ನು ಟೀಚರ್ ಕೆಲಸಕ್ಕೆ ಎಲ್ಲೂ ಅರ್ಜಿ ಹಾಕುವುದಿಲ್ಲ, ಇಲ್ಲೇ ಊರಲ್ಲಿ ಒಂದು ಹೋಟೆಲಿನಲ್ಲಿ ಕೋಣೆ ನೋಡಿಕೊಳ್ಳುವ ಕೆಲಸ ಸಿಕ್ಕಿದೆ ಎಂದು ಬರೆದಿದ್ದಳು. ಆದರೂ ಅವರು ನಿಮ್ಮ ಜೊತೆ ಮಾತಾಡಿದೆವು ಎಂದು ಹೇಳಿದರು, ನೀವು ನಿಜ ಹೇಳಿಯೂ ಅವರು ನಂಬದಿದ್ದರೆ ಅದು ಅವರ ಪಾಲಿಗಿರಲಿ, ಮಸ್ಕತ್ತಿನಲ್ಲಿ ಒಬ್ಬ ಅಣ್ಣನಾದರೂ ನನಗಿದ್ದಾನೆ ಎಂಬುದೇ ಸಾಕು, ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ ಎಂದಿತ್ತು.

ಭೋಜರಾಜ ಅದನ್ನು ಮತ್ತೆ ಮತ್ತೆ ಓದಿದ. ನಿಮಗೂ ದೇವರು ಒಳ್ಳೆಯದು ಮಾಡಲಿ ಸಿಸ್ಟರ್ ಎಂದು ಟೈಪ್ ಮಾಡಿ, ಕೊನೆಗೆ ಕೈಮುಗಿದ ಚಿತ್ರವೊಂದನ್ನು ಹಾಕಿ ಕಳಿಸಿದ.